ಹಳೆ ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲ್: ಮಟ್ಟ ನೋಡೋದು ಹೇಗೆ, ಸೋರಿಕೆ ಹುಡುಕೋದು ಹೇಗೆ

ಎಂಜಿನ್ ಆಯಿಲ್ ಅಷ್ಟಿಷ್ಟು ಸುಡುತ್ತದೆ. ರೇಡಿಯೇಟರ್ ನೀರು ಆವಿಯಾಗುತ್ತದೆ. ಹಿಂದೆ ಕಟ್ಟಿದ ನೇಗಿಲು, ಕಲ್ಟಿವೇಟರ್ ಎತ್ತುವ ಲಿಫ್ಟನ್ನು ತನ್ನ ಒತ್ತಡದಿಂದ ಎಬ್ಬಿಸುವ ಹೈಡ್ರಾಲಿಕ್ ಆಯಿಲ್ ಹಾಗೆ ಖರ್ಚಾಗುವ ವಸ್ತುವೇ ಅಲ್ಲ. ಹಾಕಿದಷ್ಟೂ ಒಳಗೇ ಇರಬೇಕು. ಆಯಿಲ್ ಅಳೆಯುವ ಕಡ್ಡಿಯಲ್ಲಿ ಮಟ್ಟ ಇಳಿದಿದೆ ಅಂದರೆ ಅದು ಎಲ್ಲೋ ಹೋಗಿದೆ ಅಂತಲೇ ಅರ್ಥ. ಎಲ್ಲಿಗೆ ಅಂತ ಕೇಳದೆ ಸುಮ್ನೆ ಮೇಲಿಂದ ಸುರಿಯುತ್ತಾ ಹೋಗಬಾರದು. ಇದನ್ನು ನಮ್ಮ ಮನೆಯವರು ಕೆರೆ ಏರಿಯ ಮೇಲೆ ಕಲಿತೆವು.

ನಮ್ಮದು ಮಂಡ್ಯ ಕಡೆ, ಕಬ್ಬು ಮತ್ತು ಭತ್ತ. ಮನೆಯಲ್ಲಿರುವುದು ಹಳೆ ಮ್ಯಾಸಿ ಫರ್ಗ್ಯೂಸನ್ 1035. ಒಂದು ವರ್ಷ ಮುಂಗಾರಿಗೆ ಮುಂಚೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಅರ್ಧ ಲೀಟರ್ ಆಯಿಲ್ ಬೇಡುತ್ತಿತ್ತು. ಲಿಫ್ಟ್ ಚೆನ್ನಾಗೇ ಎತ್ತುತ್ತಿತ್ತು. ನೆಲದ ಮೇಲೆ ದೊಡ್ಡ ಕಲೆಯೂ ಕಾಣುತ್ತಿರಲಿಲ್ಲ. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ದಿನ ಅಣ್ಣ ಗೊಬ್ಬರದ ಟ್ರೇಲರ್ ಎಳೆದುಕೊಂಡು ಏರಿ ಇಳಿಯುತ್ತಿದ್ದ. ಎರಡೂ ಬ್ರೇಕ್ ಸೇರಿಸಿ ತುಳಿದರೆ ಎಡಗಡೆ ಚಕ್ರ ಮಾತ್ರ ಹಿಡಿಯಿತು. ಗಾಡಿ ಎಡಕ್ಕೆ ಎಳೆಯಿತು. ಸಣ್ಣ ಗೇರಿನಲ್ಲಿ ಇದ್ದದ್ದರಿಂದ ಎಂಜಿನ್ನೇ ತಡೆದು ನಿಲ್ಲಿಸಿತು. ಬಲಗಡೆ ಡ್ರಮ್ ಬಿಚ್ಚಿ ನೋಡಿದರೆ ಒಳಗೆಲ್ಲ ಆಯಿಲ್. ಬ್ರೇಕ್ ಲೈನರ್ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗಿತ್ತು. ಚಕ್ರದ ಕಡೆಗೆ ಆಯಿಲ್ ಬಾರದಂತೆ ತಡೆಯುವ ಆಕ್ಸಲ್ ಸೀಲ್ ಹೋಗಿತ್ತು. ನಾವು ಸುರಿದ ಒಂದೊಂದು ಅರ್ಧ ಲೀಟರೂ ನೇರವಾಗಿ ಬ್ರೇಕಿಗೆ ಹೋಗುತ್ತಿತ್ತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೆಕ್ಯಾನಿಕ್ ಬರುವ ಮುಂಚೆ, ರೈತ ತನ್ನ ಅಂಗಳದಲ್ಲೇ ಮಾಡಬಹುದಾದ ಕೆಲಸ ಇದು. ಹೇಳುವುದು ಹೆಚ್ಚಾಗಿ ಮ್ಯಾಸಿ 35, 1035 ಥರದ ಗಾಡಿಗಳ ಬಗ್ಗೆ. ಬೇರೆ ಕಂಪನಿಯ ಹಳೆ ಗಾಡಿಗೂ ಮುಕ್ಕಾಲು ಪಾಲು ಹೊಂದುತ್ತದೆ.

ಒಂದೇ ಹೊಟ್ಟೆ, ಒಂದೇ ಆಯಿಲ್

ಹ್ಯಾರಿ ಫರ್ಗ್ಯೂಸನ್ ಹೆಸರಿನ ಬೂದು ಬಣ್ಣದ ಟಿಇ 20 ಟ್ರ್ಯಾಕ್ಟರ್ 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾಯಿತು. 5 ಲಕ್ಷಕ್ಕೂ ಜಾಸ್ತಿ ಗಾಡಿಗಳು ಹೊರಬಂದವು. ಅದರಲ್ಲಿ ಹೈಡ್ರಾಲಿಕ್ ಪಂಪ್ ಹೊರಗೆ ಎಲ್ಲೂ ಕಾಣುವುದಿಲ್ಲ. ಹಿಂದಿನ ಹೌಸಿಂಗ್ ಒಳಗೆ, ಆಯಿಲಿನಲ್ಲೇ ಮುಳುಗಿ ಕೂತಿರುತ್ತದೆ. ಮೂರು ಕಡೆ ಕೊಂಡಿ ಹಾಕಿ ನೇಗಿಲು ಎತ್ತುವ ಪದ್ಧತಿ ಬೆಳೆದದ್ದೂ ಇದೇ ಗಾಡಿಗಳ ಮೂಲಕ. ಪಂಪನ್ನು ಒಳಗಿಡುವ ಆ ಕ್ರಮ 35ಕ್ಕೂ ಬಂತು, ಚೆನ್ನೈನ ಟ್ಯಾಫೆ ಕಂಪನಿ ತಯಾರಿಸಿದ ನಮ್ಮ 1035ಕ್ಕೂ ಬಂತು.

ಇದರಿಂದ ನಮಗೆ ತಿಳಿಯಬೇಕಾದದ್ದು ಇಷ್ಟು. ಈ ಗಾಡಿಗಳಲ್ಲಿ ಗೇರ್, ಡಿಫರೆನ್ಷಿಯಲ್, ಲಿಫ್ಟ್ ಎಲ್ಲಕ್ಕೂ ಒಂದೇ ಆಯಿಲ್. ಹೈಡ್ರಾಲಿಕ್ ಸೋರಿದರೆ ಗೇರುಗಳೂ ಒಣಗುತ್ತವೆ. ಆಕ್ಸಲ್ ಸೀಲ್ ಹೋದರೆ ಲಿಫ್ಟಿಗೂ ಆಯಿಲ್ ಕಡಿಮೆ ಬೀಳುತ್ತದೆ. ಕೆಲವು ಬೇರೆ ಗಾಡಿಗಳಲ್ಲಿ ಪಂಪ್ ಎಂಜಿನ್ ಪಕ್ಕದಲ್ಲಿ ಇರುತ್ತದೆ, ಎಂಜಿನ್ ಗೇರಿನಿಂದಲೇ ತಿರುಗುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಅದಕ್ಕೆ ಬೇರೆಯೇ ಸಣ್ಣ ಡಬ್ಬಿ ಇರಬಹುದು. ಎಷ್ಟು ಕಡೆ ಕಡ್ಡಿ ಇದೆ, ಎಷ್ಟು ಮುಚ್ಚಳ ಇದೆ ಅಂತ ನಿಮ್ಮ ಗಾಡಿಯ ಸುತ್ತ ಒಮ್ಮೆ ಸುಮ್ನೆ ಸುತ್ತಿ ನೋಡಿ. ಎಂಜಿನ್ ಆಯಿಲ್ ಕಡ್ಡಿ ನೋಡಿ "ಹೈಡ್ರಾಲಿಕ್ ಸರಿಯಾಗಿದೆ" ಅಂದವರನ್ನು ನಾನೇ ನೋಡಿದ್ದೇನೆ.

ಕೈ ಹಾಕುವ ಮುಂಚೆ

ಮೂರು ವಿಷಯದಲ್ಲಿ ಉದಾಸೀನ ಬೇಡವೇ ಬೇಡ.

ಮೊದಲನೆಯದು, ಎತ್ತಿದ ಕಲ್ಟಿವೇಟರ್ ಕೆಳಗೆ ಅಥವಾ ಎತ್ತಿದ ಟ್ರೇಲರ್ ಡಬ್ಬಿಯ ಕೆಳಗೆ ಹೋಗಬೇಡಿ. ಸೋರುತ್ತಿದೆ ಅಂತ ಗೊತ್ತಾಗಿಯೇ ತಾನೇ ನೋಡಲು ಹೊರಟಿರುವುದು? ಸೋರುವ ಲಿಫ್ಟ್ ಯಾವ ಗಳಿಗೆಯಲ್ಲಿ ಇಳಿಯುತ್ತದೆ ಅಂತ ಯಾರೂ ಹೇಳಲಾರರು. ಟಿಪ್ಪಿಂಗ್ ಟ್ರೇಲರ್ ಎತ್ತಿಯೇ ನೋಡಬೇಕಾದ ಸಂದರ್ಭ ಬಂದರೆ ಮೊದಲು ಡಬ್ಬಿ ಖಾಲಿ ಮಾಡಿ. ಆಮೇಲೆ ಚಾಸಿಗೂ ಡಬ್ಬಿಗೂ ನಡುವೆ ಗಟ್ಟಿಯಾದ ಕಬ್ಬಿಣದ ಊರೆ ಕೊಟ್ಟು, ಡಬ್ಬಿಯ ಭಾರ ಊರೆಯ ಮೇಲೆ ಕೂತಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಬಿದಿರು, ಇಟ್ಟಿಗೆ ಇದಕ್ಕೆ ಆಗುವುದಿಲ್ಲ.

ಎರಡನೆಯದು, ಪೈಪಿನ ಮೇಲೆ ಬರಿಗೈ ಆಡಿಸಿ ಸೋರಿಕೆ ಹುಡುಕಬೇಡಿ. ಬೈಕ್ ಟೈರಿನಲ್ಲಿ ಗಾಳಿಯ ಒತ್ತಡ 30 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು ಇರುತ್ತದೆ. ಲಿಫ್ಟ್ ಭಾರ ಎತ್ತುವಾಗ ಪೈಪಿನೊಳಗೆ 2000 ಪಿಎಸ್‌ಐ ದಾಟಬಹುದು. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಕಣ್ಣಿಗೆ ಕಾಣದಷ್ಟು ಸಣ್ಣಗಿರುತ್ತದೆ, ಆದರೆ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟು ಗಾಯ ಕಾಣಬಹುದು. ಒಳಗೆ ಮಾಂಸ ಕೊಳೆಯಲು ಶುರುವಾಗುತ್ತದೆ, ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಹಾಗೇನಾದರೂ ಆದರೆ ನೋವಿಲ್ಲ ಅಂತ ಕಾಯಬೇಡಿ. ಆಪರೇಷನ್ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೆ ತಕ್ಷಣ ಹೋಗಿ, "ಪ್ರೆಶರಿನಲ್ಲಿದ್ದ ಆಯಿಲ್ ಒಳಗೆ ಹೋಗಿದೆ" ಅಂತ ಬಿಡಿಸಿ ಹೇಳಿ. ಹುಡುಕಲು ಕೈಯ ಬದಲು ರಟ್ಟಿನ ತುಂಡು ಹಿಡಿಯಿರಿ. ಸೋರುವ ಜಾಗದ ಎದುರು ಬಂದಾಗ ರಟ್ಟು ಒದ್ದೆಯಾಗುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಮೂರನೆಯದು, ಯಾವ ಪೈಪಿನ ನಟ್ಟನ್ನೂ ಪ್ರೆಶರ್ ಇರುವಾಗ ಬಿಗಿ ಮಾಡಬೇಡಿ, ಸಡಿಲವೂ ಮಾಡಬೇಡಿ. ಎಂಜಿನ್ ನಿಲ್ಲಿಸಿ, ಲಿಫ್ಟ್ ಪೂರ್ತಿ ಇಳಿಸಿ, ಆಮೇಲೆ ಲಿವರನ್ನು ಎರಡು ಮೂರು ಸಲ ಮೇಲೆ ಕೆಳಗೆ ಆಡಿಸಿ. ಆಯಿಲ್ ಬಿಸಿ ಇದ್ದರೆ ಆರಲು ಬಿಡಿ.

ಮಟ್ಟ ನೋಡುವ ಕ್ರಮ

ಮೊದಲು ಸಮತಟ್ಟಾದ ಜಾಗ ಬೇಕು. ಒಕ್ಕಣೆ ಕಣ ಅಥವಾ ಸಿಮೆಂಟ್ ಅಂಗಳ ಆದರೆ ಒಳ್ಳೆಯದು. ಸಮ ಇದೆಯೋ ಇಲ್ಲವೋ ಅನುಮಾನ ಬಂದರೆ ಅರ್ಧ ನೀರು ತುಂಬಿದ ಬಾಟಲಿಯನ್ನು ಕಾಲಿಡುವ ಹಲಗೆಯ ಮೇಲೆ ಉದ್ದುದ್ದ ಒಮ್ಮೆ, ಅಡ್ಡ ಒಮ್ಮೆ ಮಲಗಿಸಿ ನೋಡಿ. ಹಿಂದಿನ ಎರಡು ಟೈರಿನಲ್ಲಿ ಗಾಳಿ ಸಮ ಇರಲಿ. ಒಂದು ಕಡೆ ಇಳಿದಿದ್ದರೆ ಕಡ್ಡಿ ಸುಳ್ಳು ಹೇಳುತ್ತದೆ.

ಲಿಫ್ಟ್ ಆರ್ಮ್ ಪೂರ್ತಿ ಕೆಳಗಿರಬೇಕು. ಮೇಲಿದ್ದರೆ ಸಿಲಿಂಡರಿನೊಳಗೆ ಒಂದಷ್ಟು ಆಯಿಲ್ ಕೂತಿರುತ್ತದೆ, ಕಡ್ಡಿಯಲ್ಲಿ ಕಡಿಮೆ ತೋರಿಸುತ್ತದೆ. ಟಿಪ್ಪಿಂಗ್ ಟ್ರೇಲರಿನ ಪೈಪ್ ಹಾಕಿದ್ದರೆ ಅದರ ಡಬ್ಬಿಯೂ ಇಳಿದಿರಬೇಕು. ಡಬ್ಬಿ ಎತ್ತುವ ಜ್ಯಾಕ್ ಎದ್ದು ನಿಂತಾಗ ಎಷ್ಟು ಆಯಿಲ್ ಕುಡಿದಿರುತ್ತದೆ ಅಂತ ನೋಡದವರಿಗೆ ನಂಬಿಕೆ ಬರುವುದಿಲ್ಲ.

ಗಾಡಿಯನ್ನು ಐದು ಹತ್ತು ನಿಮಿಷ ಓಡಿಸಿ, ಲಿಫ್ಟನ್ನು ನಾಲ್ಕೈದು ಸಲ ಏರಿಸಿ ಇಳಿಸಿ. ಎಂಜಿನ್ ನಿಲ್ಲಿಸಿ, ಕೀ ತೆಗೆದು, ಚಕ್ರಕ್ಕೆ ಕಲ್ಲು ಕೊಡಿ. ಹದಿನೈದು ನಿಮಿಷ ಬಿಡಿ. ಗೇರುಗಳ ಮೇಲೆ ಅಂಟಿದ ಆಯಿಲ್ ಎಲ್ಲ ಕೆಳಗೆ ಇಳಿದು ಕೂರಬೇಕು.

ಮ್ಯಾಸಿ 35 ಸಾಲಿನ ಗಾಡಿಗಳಲ್ಲಿ ಕಡ್ಡಿ ಸಾಮಾನ್ಯವಾಗಿ ಬಲಗಾಲು ಇಡುವ ಕಡೆ, ಹೌಸಿಂಗಿನ ಪಕ್ಕದ ಮುಚ್ಚಳದಲ್ಲಿ ಇರುತ್ತದೆ. ಬೂಟಿನ ಮಣ್ಣೆಲ್ಲ ಬೀಳುವುದು ಸರಿಯಾಗಿ ಅಲ್ಲಿಗೇ. ಹಾಗಾಗಿ ಕಡ್ಡಿ ಎಳೆಯುವ ಮುಂಚೆ ಸುತ್ತ ಒರೆಸಿ. ಬರಿ ಒರೆಸಿದರೆ ಸಾಲದು, ಹಳೆ ಹಲ್ಲುಜ್ಜುವ ಬ್ರಶ್ಶಿಗೆ ಸ್ವಲ್ಪ ಡೀಸೆಲ್ ಹಾಕಿ ಉಜ್ಜಿ, ಬಟ್ಟೆಯಲ್ಲಿ ಒಣಗಿಸಿ. ಒಂದು ಚಿಟಿಕೆ ಮರಳು ಒಳಗೆ ಬಿದ್ದರೆ ಅದು ಪಂಪಿಗೂ ವಾಲ್ವಿಗೂ ಹೋಗಿ ಗೀರುತ್ತದೆ.

ಕಡ್ಡಿ ತೆಗೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆದು ನೋಡಿ. ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ನಡುವೆ, ಮೇಲಿನದಕ್ಕೆ ಹತ್ತಿರ ಇರಬೇಕು. ಹಳೆ ಗಾಡಿಯಲ್ಲಿ ಗುರುತು ಸವೆದು ಹೋಗಿರುವುದು, ಯಾರೋ ಬೇರೆ ಗಾಡಿಯ ಕಡ್ಡಿ ಸಿಕ್ಕಿಸಿರುವುದು ಎರಡೂ ಉಂಟು. ಅನುಮಾನ ಇದ್ದರೆ ಒಂದು ಸಲ ಆಯಿಲ್ ಪೂರ್ತಿ ಬದಲಾಯಿಸುವಾಗ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಲೀಟರ್ ಅಳೆದು ಹಾಕಿ, ಕಡ್ಡಿಯಲ್ಲಿ ಎಲ್ಲಿಗೆ ಬರುತ್ತದೋ ಅಲ್ಲಿ ಅರದಿಂದ ಗೀರಿ. ಇನ್ನು ಮೇಲೆ ಅದೇ ನಿಮ್ಮ ಗುರುತು.

ಕಡಿಮೆ ಇದ್ದರೆ ಅರ್ಧರ್ಧ ಲೀಟರ್ ಹಾಕಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಜಾಸ್ತಿ ಆದರೆ ಒಳ್ಳೆಯದೇ ಅಲ್ವಾ ಅನ್ನುವವರಿದ್ದಾರೆ. ಅಲ್ಲ. ಮಟ್ಟ ಮೀರಿದರೆ ಗೇರುಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ, ಬಿಸಿ ಏರುತ್ತದೆ, ಆಕ್ಸಲ್ ಕಡೆಗೆ ನುಗ್ಗಿ ಸೀಲಿನಲ್ಲಿ ಹೊರಗೆ ಬರುತ್ತದೆ.

ಯಾವ ಆಯಿಲ್ ಅನ್ನೋದಕ್ಕೆ ನಿಮ್ಮ ಮಾಡೆಲಿನ ಮ್ಯಾನ್ಯುಯಲ್ ಹೇಳಿದ್ದೇ ಕೊನೆ ಮಾತು. ಬ್ರೇಕುಗಳು ಆಯಿಲಿನಲ್ಲೇ ಮುಳುಗಿರುವ ಗಾಡಿಗೆ ಆಯಿಲ್ ಬ್ರೇಕಿಗೆ ಹೊಂದುವ ಟ್ರಾನ್ಸ್‌ಮಿಷನ್ ಆಯಿಲ್ಲೇ ಬೇಕು. ಹಳೆ ಡ್ರಮ್ ಬ್ರೇಕಿನ ಗಾಡಿಯ ಲೆಕ್ಕ ಬೇರೆ. ಈ ಮುಂಚೆ ಏನು ಹಾಕಿದ್ದರು ಅಂತ ಗೊತ್ತಿಲ್ಲದೆ ಗಾಡಿ ಕೊಂಡಿದ್ದರೆ, ಮೇಲೆ ಬೆರೆಸುವ ಬದಲು ಒಮ್ಮೆ ಪೂರ್ತಿ ಇಳಿಸಿ ಹೊಸದು ಹಾಕುವುದೇ ಸರಿ ಅನ್ನೋದು ನನ್ನ ಅಭಿಪ್ರಾಯ. ಬ್ರೇಕ್ ಡಬ್ಬಿಗೆ ಹಾಕುವ ಆಯಿಲನ್ನಂತೂ (ಬ್ರೇಕ್ ಫ್ಲೂಯಿಡ್) ಇಲ್ಲಿಗೆ ಹನಿಯೂ ಹಾಕಬೇಡಿ. ಸೀಲುಗಳು ಊದಿಕೊಂಡು ಹಾಳಾಗುತ್ತವೆ.

ಕಡ್ಡಿಗೆ ಅಂಟಿದ ಆಯಿಲ್ ಏನು ಹೇಳುತ್ತದೆ

ಮಟ್ಟ ನೋಡಿ ಕಡ್ಡಿಯನ್ನು ತಕ್ಷಣ ಒಳಗೆ ತಳ್ಳಬೇಡಿ. ಬೆರಳಿಗೆ ಒಂದು ಹನಿ ತೆಗೆದುಕೊಳ್ಳಿ, ಬೆಳಕಿಗೆ ಹಿಡಿಯಿರಿ, ಮೂಸಿ ನೋಡಿ.

ಜೇನಿನ ಬಣ್ಣ, ತಿಳಿಯಾಗಿದ್ದರೆ ಚೆನ್ನಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬಿಸಿ ಮೀರಿದೆ, ಅಥವಾ ಬದಲಾಯಿಸಿ ವರ್ಷಗಳಾಗಿವೆ. ಸಣ್ಣ ಸಣ್ಣ ಗುಳ್ಳೆಗಳ ನೊರೆ ಇದ್ದರೆ ಪಂಪ್ ಗಾಳಿ ಎಳೆಯುತ್ತಿದೆ. ಮಟ್ಟ ಕಡಿಮೆಯಾಗಿ ಎಳೆಯುತ್ತಿರಬಹುದು, ಇಲ್ಲವೇ ಪಂಪಿಗೆ ಆಯಿಲ್ ಬರುವ ಕಡೆಯ ಜಾಯಿಂಟ್ ಸಡಿಲ ಇರಬಹುದು. ಇದು ಕಣ್ಣಿಗೆ ಮೋಸ ಮಾಡುವ ಸೋರಿಕೆ. ಆಯಿಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಲಿಫ್ಟ್ ಕೊಯ್ಯ್ ಅಂತ ಸದ್ದು ಮಾಡಿ ಜರ್ಕ್ ಹೊಡೆಯುತ್ತಾ ಏಳುತ್ತದೆ. ಬೆರಳಲ್ಲಿ ಉಜ್ಜಿದಾಗ ಬೆಳ್ಳಿಯ ಹುಡಿಯಂತೆ ಮಿನುಗಿದರೆ ಒಳಗೆ ಲೋಹ ಸವೆಯುತ್ತಿದೆ, ಮೆಕ್ಯಾನಿಕ್‌ಗೆ ತೋರಿಸಿ.

ಹಾಲು ಜಾಸ್ತಿ ಹಾಕಿದ ಟೀ ಬಣ್ಣ ಬಂದರೆ ನೀರು ಸೇರಿದೆ. ನಮ್ಮ ಕಡೆ ಇದು ತುಂಬಾ ಸಾಮಾನ್ಯ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟರೆ ಸಾಕು, ಕೆಸರಿಗೆ ಹಾಕುವ ಕಬ್ಬಿಣದ ಕೇಜ್ ವೀಲ್ ಕಟ್ಟಿಕೊಂಡು ಆಕ್ಸಲ್ ಮುಳುಗುವವರೆಗೆ ಕೆಸರುಗದ್ದೆಗೆ ಇಳಿಯುತ್ತೇವೆ. ಸೀಲ್ ಸವೆದಿದ್ದರೆ ಕೆಸರು ನೀರು ಅಲ್ಲಿಂದಲೇ ಒಳಗೆ. ಇನ್ನೊಂದು, ಆಯುಧಪೂಜೆ. ಹಿಂದಿನ ದಿನ ಸರ್ವಿಸ್ ಗನ್ನಿನಲ್ಲಿ ಗಾಡಿಗೆ ನೀರು ಹೊಡೆಯುತ್ತೇವೆ. ಗಾಳಿ ಆಡಲು ಬಿಟ್ಟಿರುವ ಬ್ರೀದರ್, ಕಡ್ಡಿಯ ಬಾಯಿ, ಹರಿದುಹೋದ ಗೇರ್ ಲಿವರಿನ ರಬ್ಬರ್, ಈ ಮೂರೂ ಕಡೆಯಿಂದ ನೀರು ಹೋಗುತ್ತದೆ. ತೊಳೆಯುವ ಮುಂಚೆ ಅಲ್ಲೆಲ್ಲ ಪ್ಲಾಸ್ಟಿಕ್ ಕವರ್ ಕಟ್ಟಿ, ತೊಳೆದ ಮೇಲೆ ಮರೆಯದೆ ಬಿಚ್ಚಿ. ಬ್ರೀದರ್ ಮುಚ್ಚಿದ್ದರೆ ಒಳಗಿನ ಗಾಳಿ ಬಿಸಿಗೆ ಹಿಗ್ಗಿ ಸೀಲುಗಳ ಮೇಲೆ ಒತ್ತುತ್ತದೆ. ಎಷ್ಟೋ ಸಲ ಹೊಸ ಸೀಲೂ ಸೋರುವುದಕ್ಕೆ ಮಣ್ಣು ಕಟ್ಟಿದ ಬ್ರೀದರೇ ಕಾರಣ.

ನೀರು ಇದೆಯೋ ಇಲ್ಲವೋ ಅಂತ ಖಾತ್ರಿ ಬೇಕಿದ್ದರೆ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಆಯಿಲ್ ಇಳಿಸಿ ರಾತ್ರಿಯಿಡೀ ಅಲುಗಾಡದಂತೆ ಇಡಿ. ನಾನು ಹಾಗೆ ಇಟ್ಟದ್ದು ಅಡುಗೆಮನೆ ಕಿಟಕಿಯ ಮೇಲೆ. ಬೆಳಿಗ್ಗೆ ನೋಡಿದರೆ ಬಾಟಲಿಯ ತಳದಲ್ಲಿ ಎರಡು ಬೆರಳು ದಪ್ಪ ಮಣ್ಣುಬಣ್ಣದ ನೀರು, ಅದರ ಮೇಲೆ ಬೆಳ್ಳನೆ ಕೆನೆಯಂಥ ಪದರ, ಮೇಲ್ಗಡೆ ಮಸುಕು ಆಯಿಲ್. ಬಾಟಲಿ ಬಾಗಿಸಿದರೆ ತಳದ ನೀರು ಪಾದರಸದ ಹಾಗೆ ಒಟ್ಟಿಗೇ ಜಾರುತ್ತಿತ್ತು. ಅಷ್ಟು ನೀರಿನಲ್ಲಿ ಬೇರಿಂಗುಗಳು ಓಡುತ್ತಿದ್ದವು. ಇಂಥ ಆಯಿಲಿಗೆ ಹೊಸದು ಬೆರೆಸಿ ಉಪಯೋಗವಿಲ್ಲ. ಪೂರ್ತಿ ಇಳಿಸಬೇಕು. ಕೆಳಗೆ ಒಂದಕ್ಕಿಂತ ಹೆಚ್ಚು ಡ್ರೈನ್ ಪ್ಲಗ್ ಇರಬಹುದು, ಎಲ್ಲವನ್ನೂ ಬಿಚ್ಚಿ. ಇಳಿಸಿದ ಹಳೆ ಆಯಿಲನ್ನು ಗದ್ದೆಗೋ ಕಾಲುವೆಗೋ ಚೆಲ್ಲದೆ ಕ್ಯಾನಿನಲ್ಲಿ ತುಂಬಿ, ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ.

ಸೋರುವ ಜಾಗ ಹುಡುಕುವುದು

ಹಳೆ ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಗ್ರೀಸು, ಧೂಳು, ಭತ್ತದ ಹೊಟ್ಟು ಸೇರಿ ಹೆಪ್ಪುಗಟ್ಟಿರುತ್ತದೆ. ಅದರ ಮೇಲೆ ಸೋರಿಕೆ ಹುಡುಕಿದರೆ ಎಲ್ಲ ಕಡೆಯೂ ಸೋರುತ್ತಿರುವ ಹಾಗೇ ಕಾಣುತ್ತದೆ. ಆಯಿಲ್ ಮೇಲಿನಿಂದ ಇಳಿದು, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹರಿದು, ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಹಾಗಾಗಿ ಮೊದಲು ಕೆರೆದು, ಡೀಸೆಲ್ ಮತ್ತು ಬ್ರಶ್ಶಿನಿಂದ ತೊಳೆದು, ಪೂರ್ತಿ ಒಣಗಿಸಿ. ಅರ್ಧ ದಿನದ ಕೆಲಸ, ಬೇಸರ ಹಿಡಿಸುತ್ತದೆ. ಆದರೂ ಇದನ್ನು ಬಿಟ್ಟರೆ ಮುಂದಿನ ಯಾವ ಹೆಜ್ಜೆಗೂ ಬೆಲೆ ಇಲ್ಲ. ಸಂದುಗಳಲ್ಲಿ ಅನುಮಾನ ಇದ್ದರೆ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ಆಯಿಲ್ ಹೊರಟ ಕಡೆ ಪೌಡರ್ ಮೇಲೆ ಕಪ್ಪು ಗೆರೆ ಮೂಡುತ್ತದೆ.

ಸಂಜೆ ಗಾಡಿ ನಿಲ್ಲಿಸಿದ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ ಬಿಚ್ಚಿ, ಮುಂದಿನ ಆಕ್ಸಲಿನಿಂದ ಹಿಂದಿನ ಕೊಂಡಿಯವರೆಗೆ ಕೆಳಗೆ ಹಾಸಿ. ನಾಲ್ಕು ಚಕ್ರದ ಜಾಗ, ಎಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್ ಎಲ್ಲೆಲ್ಲಿ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೆಳಿಗ್ಗೆ ಆ ರಟ್ಟೇ ನಿಮ್ಮ ನಕಾಶೆ.

ಎಂಜಿನ್ ಕೆಳಗೆ ಕಪ್ಪು ಹನಿ ಬಿದ್ದಿದ್ದರೆ ಅದು ಎಂಜಿನ್ ಆಯಿಲ್, ಈ ಲೇಖನದ ವಿಷಯ ಅಲ್ಲ. ಕ್ಲಚ್ ಹೌಸಿಂಗ್ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಅದರಲ್ಲಿ ಸ್ಪ್ಲಿಟ್ ಪಿನ್ ನೇತಾಡುತ್ತಿರುತ್ತದೆ. ಅಲ್ಲಿ ಹನಿ ಬಿದ್ದರೆ ಬಣ್ಣ ನೋಡಿ. ಕಪ್ಪಾದರೆ ಎಂಜಿನ್ನಿನ ಹಿಂದಿನ ಸೀಲ್. ಜೇನುಬಣ್ಣ ಆದರೆ ಗೇರ್ ಬಾಕ್ಸಿನ ಮುಂದಿನ ಸೀಲ್, ಅಂದರೆ ನಿಮ್ಮ ಹೈಡ್ರಾಲಿಕ್ ಆಯಿಲ್ ಕ್ಲಚ್ ಕಡೆಗೆ ಹೋಗುತ್ತಿದೆ. ಇವತ್ತಲ್ಲ ನಾಳೆ ಕ್ಲಚ್ ಪ್ಲೇಟ್ ಜಾರಲು ಶುರುವಾಗುತ್ತದೆ. ಆ ತೂತನ್ನು ಕೆಸರು ಮುಚ್ಚಿದ್ದರೆ ಪಿನ್ ಆಡಿಸಿ ಬಿಡಿಸಿ. ಅದು ಮುಚ್ಚಿಕೊಂಡರೆ ಆಯಿಲ್ ಒಳಗೇ ನಿಲ್ಲುತ್ತದೆ.

ಹಿಂದೆ ಪಿಟಿಓ ಶಾಫ್ಟಿನ (ಬೇರೆ ಯಂತ್ರಗಳನ್ನು ತಿರುಗಿಸಲು ಗಾಡಿಯ ಹಿಂದಿರುವ ಶಾಫ್ಟ್) ಸುತ್ತ ತೇವ ಇದ್ದರೆ ಅಲ್ಲಿನ ಸೀಲ್. ಸೀಟಿನ ಕೆಳಗೆ ಲಿಫ್ಟ್ ಆರ್ಮ್ ಎರಡೂ ಪಕ್ಕ ಹೊರಬರುವ ಜಾಗದಲ್ಲಿ ಗೆರೆ ಇಳಿದಿದ್ದರೆ ಅಡ್ಡ ಶಾಫ್ಟಿನ ಸೀಲ್. ಟಾಪ್ ಲಿಂಕ್ ಹಿಡಿಯುವ ಸ್ಪ್ರಿಂಗಿನ ರಬ್ಬರ್ ಹರಿದಿದ್ದರೆ ಅಲ್ಲಿಂದಲೂ ಜಿನುಗುತ್ತದೆ. ಇವೆಲ್ಲ ಕಣ್ಣಿಗೆ ಕಾಣುವಂಥವು, ನಿಧಾನದವು, ಸುಗ್ಗಿ ಮುಗಿಯುವವರೆಗೆ ಕಾಯಬಹುದು.

ಕಾಯಬಾರದ್ದು ಹಿಂದಿನ ಚಕ್ರದ ಕಡೆಯದು. ಡ್ರಮ್ಮಿನ ಒಳಮಗ್ಗುಲು, ಟೈರಿನ ಒಳಗೋಡೆ, ರಿಮ್ಮಿನ ಅಂಚು, ಈ ಮೂರು ಕಡೆ ಟಾರ್ಚ್ ಹಾಕಿ ನೋಡಿ. ಟೈರಿನ ಮೇಲೆ ಕಪ್ಪಗೆ ಹೊಳೆಯುವ ಕಲೆ ಚಕ್ರದ ನಡುವಿನಿಂದ ಹೊರಕ್ಕೆ ಚಿಮ್ಮಿದ ಹಾಗಿದ್ದರೆ ಆಕ್ಸಲ್ ಸೀಲ್ ಹೋಗಿದೆ ಅಂತಲೇ ತಿಳಿಯಿರಿ. ನಮ್ಮ ಗಾಡಿಯಲ್ಲಿ ಆ ಕಲೆ ಇತ್ತು. ಗೊಬ್ಬರ ಮೆತ್ತಿದೆ ಅಂದುಕೊಂಡು ದಿನವೂ ನೋಡಿ ಬಿಟ್ಟಿದ್ದೆವು. ಬ್ರೇಕ್ ಒಂದು ಕಡೆ ಹಿಡಿಯುವುದು, ಒಂದು ಪೆಡಲ್ ಮಾತ್ರ ಜಾಸ್ತಿ ಇಳಿಯುವುದು ಇದ್ದರೆ ಗಾಡಿಗೆ ಟ್ರೇಲರ್ ಕಟ್ಟಲೇಬೇಡಿ. ಸೀಲ್ ಹೊಸದು ಹಾಕಿದಾಗ ಲೈನರನ್ನೂ ಬದಲಾಯಿಸಿ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕಿದರೆ ಎರಡು ದಿನ ಹಿಡಿಯುತ್ತದೆ, ಬಿಸಿಯಾದ ಕೂಡಲೇ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ರಟ್ಟು ಒಣಗಿಯೇ ಇದ್ದು ಮಟ್ಟ ಮಾತ್ರ ಇಳಿದಿದ್ದರೆ? ಆಗ ಎರಡು ಕಡೆ ನೋಡಬೇಕು. ಎಂಜಿನ್ ಗೇರಿನಿಂದ ತಿರುಗುವ ಪಂಪ್ ನಿಮ್ಮ ಗಾಡಿಯಲ್ಲಿದ್ದರೆ ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ. ಅಲ್ಲಿ ಮಟ್ಟ ತಾನಾಗಿ ಏರಿದ್ದರೆ ಪಂಪಿನ ಶಾಫ್ಟ್ ಸೀಲ್ ಹೋಗಿ ಹೈಡ್ರಾಲಿಕ್ ಆಯಿಲ್ ಎಂಜಿನ್ನಿಗೆ ಇಳಿಯುತ್ತಿದೆ. ಎಂಜಿನ್ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ ಕರೆಸಿ.

ಇನ್ನೊಂದು ಕಡೆ ಟ್ರೇಲರ್. ಊರಲ್ಲಿ ಟಿಪ್ಪಿಂಗ್ ಟ್ರೇಲರ್ ಒಬ್ಬರದ್ದು ಇನ್ನೊಬ್ಬರು ಒಯ್ಯುವುದು ವಾಡಿಕೆ. ಪೈಪ್ ಹಾಕಿ ಡಬ್ಬಿ ಎತ್ತಿದಾಗ ನಿಮ್ಮ ಆಯಿಲ್ ಆ ಜ್ಯಾಕಿಗೆ ಹೋಗುತ್ತದೆ. ಇಳಿಸಿದಾಗ ವಾಪಸ್ ಬರುವುದು ಮೊದಲೇ ಅಲ್ಲಿದ್ದ ಆಯಿಲಿನ ಜೊತೆ ಬೆರೆತು. ಹತ್ತು ಗಾಡಿಗಳ ಆಯಿಲ್ ಆ ಜ್ಯಾಕಿನಲ್ಲಿ ಕಲೆತಿರುತ್ತದೆ. ಅದರಲ್ಲಿ ಒಂದು ಗಾಡಿಗೆ ನೀರು ಹೊಕ್ಕಿದ್ದರೆ ಎಲ್ಲರಿಗೂ ಪಾಲು. ಖಾಲಿ ಜ್ಯಾಕಿನ ಟ್ರೇಲರ್ ತಂದರೆ ಮೊದಲ ಸಲ ನಿಮ್ಮ ಮಟ್ಟ ಇಳಿಯುತ್ತದೆ, ಅದು ಸೋರಿಕೆ ಅಲ್ಲ. ಪೈಪ್ ಬಿಚ್ಚಿದ ಕೂಡಲೇ ಎರಡೂ ಬಾಯಿಗೆ ಮುಚ್ಚಳ ಹಾಕಿ. ಮುಚ್ಚಳ ಕಳೆದಿದ್ದರೆ ಶುದ್ಧವಾದ ಪ್ಲಾಸ್ಟಿಕ್ ಚೀಲ ಕಟ್ಟಿ. ಪೈಪಿನ ಬಾಯಿ ಮಣ್ಣಿನಲ್ಲಿ ಎಳೆದಾಡಿದ್ದನ್ನು ಹಾಗೇ ಸಿಕ್ಕಿಸಿದರೆ ಆ ಮಣ್ಣು ನೇರ ನಿಮ್ಮ ವಾಲ್ವಿಗೆ. ನಾನು ಈಗ ಬೇರೆಯವರ ಟ್ರೇಲರ್ ತರುವ ಮುಂಚೆ ಜ್ಯಾಕಿನ ಆಯಿಲ್ ಎರಡು ಹನಿ ನೋಡಿಯೇ ತರುತ್ತೇನೆ. ಯಾರೂ ಇದಕ್ಕೆ ಬೇಜಾರು ಮಾಡಿಕೊಂಡಿಲ್ಲ.

ಒಳಗಿನ ಸೋರಿಕೆ

ಹೊರಗೆ ಒಂದು ಹನಿಯೂ ಬೀಳದೆ, ಮಟ್ಟವೂ ಇಳಿಯದೆ ಲಿಫ್ಟ್ ಸೋಲಬಹುದು. ಸಿಲಿಂಡರಿನ ರಿಂಗ್ ಸವೆದಿದ್ದರೆ, ವಾಲ್ವ್ ಗೀರಿದ್ದರೆ ಆಯಿಲ್ ಒಳಗಿಂದೊಳಗೇ ಜಾರಿ ತೊಟ್ಟಿಗೆ ವಾಪಸ್ ಬೀಳುತ್ತದೆ.

ಇದನ್ನು ಅಳೆಯುವುದು ಸುಲಭ. ಕಲ್ಟಿವೇಟರ್ ಕಟ್ಟಿ ಪೂರ್ತಿ ಎತ್ತಿ, ಎಂಜಿನ್ ನಿಲ್ಲಿಸಿ. ಪಕ್ಕದಲ್ಲಿ, ಕಾಲು ಸಿಕ್ಕದಷ್ಟು ದೂರದಲ್ಲಿ ನಿಂತು ಒಂದು ಕೋಲನ್ನು ನೆಲಕ್ಕೆ ಊರಿ, ಕಲ್ಟಿವೇಟರಿನ ಫ್ರೇಮ್ ಎಷ್ಟು ಎತ್ತರದಲ್ಲಿದೆ ಅಂತ ಕೋಲಿನ ಮೇಲೆ ಗುರುತು ಹಾಕಿ. ಐದು ನಿಮಿಷಕ್ಕೆ ಒಮ್ಮೆ, ಹದಿನೈದಕ್ಕೆ ಒಮ್ಮೆ, ಅರ್ಧ ಗಂಟೆಗೆ ಒಮ್ಮೆ ಗುರುತು ಹಾಕಿ. ಹಳೆ ಗಾಡಿಯಲ್ಲಿ ರಾತ್ರಿ ಎತ್ತಿ ಬಿಟ್ಟದ್ದು ಬೆಳಿಗ್ಗೆ ಇಳಿದಿದ್ದರೆ ಗಾಬರಿ ಬೇಡ. ನೋಡನೋಡುತ್ತಾ ಇಳಿದರೆ ಒಳಗೆ ಸೋರಿಕೆ ಇದೆ. ಈ ಅಳತೆಯನ್ನು ತಾರೀಕಿನ ಸಮೇತ ಬರೆದಿಡಿ. ಮುಂದಿನ ವರ್ಷ ಇದೇ ಅಳತೆ ತೆಗೆದಾಗ ಸವೆತ ಎಷ್ಟು ಹೆಚ್ಚಿದೆ ಅಂತ ತಿಳಿಯುತ್ತದೆ.

ಎಂಜಿನ್ ಓಡುತ್ತಿರುವಾಗ ಎತ್ತಿದ ಕಲ್ಟಿವೇಟರ್ ತಲೆ ಆಡಿಸಿದ ಹಾಗೆ ಸ್ವಲ್ಪ ಇಳಿದು, ಎದ್ದು, ಮತ್ತೆ ಇಳಿದು ಎದ್ದು ಮಾಡಿದರೂ ಅದೇ ರೋಗ. ಸೋರಿದಷ್ಟನ್ನು ಪಂಪ್ ಮತ್ತೆ ಮತ್ತೆ ತುಂಬುತ್ತಿರುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಚೆನ್ನಾಗಿ ಎತ್ತಿ, ಮಧ್ಯಾಹ್ನ ಬಿಸಿಯಾದ ಮೇಲೆ ಸೋತರೆ ಪಂಪ್ ಅಥವಾ ಸಿಲಿಂಡರ್ ಸವೆದಿರುವ ಸಾಧ್ಯತೆ ಜಾಸ್ತಿ. ಬಿಸಿ ಆಯಿಲ್ ತೆಳ್ಳಗಾಗಿ ಸಂದಿನಲ್ಲಿ ಜಾರುತ್ತದೆ. ತಣ್ಣಗಿದ್ದಾಗಲೇ ಸೋತು ಬಿಸಿಯಾದ ಮೇಲೆ ಸರಿಹೋದರೆ ಆಯಿಲ್ ಮಂದ ಇರಬಹುದು, ಫಿಲ್ಟರ್ ಕಟ್ಟಿರಬಹುದು. ಬದು ಹತ್ತುವಾಗ ಮಾತ್ರ ನಡುಗಿದರೆ ಮೊದಲು ಮಟ್ಟ ನೋಡಿ.

ಒಂದು ವಿಷಯ ರೋಗ ಅಲ್ಲ. ಮ್ಯಾಸಿ 35, 1035 ಥರದ ಗಾಡಿಯಲ್ಲಿ ಪಂಪಿಗೆ ಶಕ್ತಿ ಬರುವುದು ಕ್ಲಚ್ಚಿನ ಮೂಲಕ. ಪೆಡಲ್ ಪೂರ್ತಿ ಒತ್ತಿ ಹಿಡಿದಾಗ ಪಂಪ್ ನಿಲ್ಲುತ್ತದೆ, ಲಿಫ್ಟ್ ಏಳುವುದಿಲ್ಲ. ಡಬಲ್ ಕ್ಲಚ್ ಇದ್ದರೆ ಅರ್ಧ ಒತ್ತಿದಾಗ ಗಾಡಿ ನಿಲ್ಲುತ್ತದೆ, ಲಿಫ್ಟ್ ಕೆಲಸ ಮಾಡುತ್ತದೆ. ಹೊಸ ಡ್ರೈವರ್ ಇದನ್ನು ನೋಡಿ ಪಂಪ್ ಹೋಯಿತು ಅಂದರೆ ನಂಬಿ ಲಿಫ್ಟ್ ಕವರ್ ಬಿಚ್ಚಿಸಬೇಡಿ.

ಏನು ನೀವೇ ಮಾಡಬಹುದು

ಡ್ರೈನ್ ಪ್ಲಗ್ಗಿನ ವಾಷರ್, ಹೊರಗಿನ ಪೈಪಿನ ಓ ರಿಂಗ್, ಟ್ರೇಲರ್ ಕಪ್ಲಿಂಗ್, ಬಿರುಕು ಬಿಟ್ಟ ಹೋಸ್, ಬ್ರೀದರ್ ಶುದ್ಧ ಮಾಡುವುದು, ಪಕ್ಕದ ಮುಚ್ಚಳದ ಬೋಲ್ಟ್ ಬಿಗಿ ಮಾಡುವುದು, ಇಷ್ಟು ಮನೆಯಲ್ಲೇ ಆಗುತ್ತದೆ. ಅಂಗಡಿಗೆ ಹೋಗುವಾಗ ಹಳೆ ಓ ರಿಂಗನ್ನೇ ತೆಗೆದುಕೊಂಡು ಹೋಗಿ. ಅಳತೆ ಜೊತೆಗೆ ದಪ್ಪವನ್ನೂ ಹೊಂದಿಸಿ. ಹಳೆಯದು ಚಪ್ಪಟೆಯಾಗಿರುತ್ತದೆ, ಅದು ನೆನಪಿರಲಿ. ಹಾಕುವ ಮುಂಚೆ ಹೊಸ ರಿಂಗಿಗೆ ಅದೇ ಆಯಿಲ್ ಸವರಿ.

ಹೋಸ್ ಸೋರುವ ಕಡೆ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿಯುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ದಯವಿಟ್ಟು ಬೇಡ. ಎತ್ತಿದ ಡಬ್ಬಿಯ ಭಾರವೆಲ್ಲ ಆ ಟ್ಯೂಬಿನ ಮೇಲೆ ನಿಂತಿರುತ್ತದೆ. ನಟ್ಟು ಸೋರಿದರೆ ಬಿಳಿ ಟೇಪ್ ಸುತ್ತುವುದೂ ಬೇಡ. ಅದರ ಚೂರು ಕಿತ್ತು ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಲಿಫ್ಟ್ ಕವರ್ ಎತ್ತುವುದು, ಪಂಪ್ ತೆಗೆಯುವುದು, ಆಕ್ಸಲ್ ಎಳೆಯುವುದು ಮೆಕ್ಯಾನಿಕ್‌ಗೆ ಬಿಡಿ. ಕವರ್ ತುಂಬಾ ಭಾರ, ಚೈನ್ ಬ್ಲಾಕ್ ಬೇಕು. ಆದರೆ ಅವರಿಗೆ "ಲಿಫ್ಟ್ ಸರಿ ಇಲ್ಲ" ಅಂತಷ್ಟೇ ಹೇಳಬೇಡಿ. ರಟ್ಟು ತೋರಿಸಿ, ಕೋಲಿನ ಗುರುತು ತೋರಿಸಿ, ಎಷ್ಟು ದಿನಕ್ಕೆ ಎಷ್ಟು ಲೀಟರ್ ಹಾಕಿದ್ದೀರಿ ಅಂತ ಹೇಳಿ. ಬಿಚ್ಚಬೇಕಾದದ್ದನ್ನು ಮಾತ್ರ ಬಿಚ್ಚುತ್ತಾರೆ.

ರಿಪೇರಿ ಆದ ಮೇಲೆ ಮಟ್ಟ ಸರಿಮಾಡಿ ಒಂದು ದಿನ ಪೂರ್ತಿ ಕೆಲಸ ಮಾಡಿಸಿ. ಆ ರಾತ್ರಿ ಹೊಸ ರಟ್ಟು ಹಾಸಿ, ಬೆಳಿಗ್ಗೆ ಕಡ್ಡಿ ನೋಡಿ. ಒಂದು ವಾರ ಬಿಟ್ಟು ಮತ್ತೊಮ್ಮೆ ನೋಡಿ. ನಮ್ಮ 1035ರ ರಟ್ಟಿನ ಮೇಲೆ ಈಗ ಬೀಳುವುದು ಪಿಟಿಓ ಕೆಳಗಿನ ಎರಡೇ ಹನಿ. ಆ ಸೀಲ್ ತಂದಿಟ್ಟಿದ್ದೇವೆ, ಭತ್ತದ ಕೊಯ್ಲು ಮುಗಿದ ವಾರ ಹಾಕಿಸುತ್ತೇವೆ.